ಲೇ ಮಿರ್ಚಿ, ಊರು ಹೆಂಗೈತಿ ಅಂದ್ಯಲ್ಲ

ಲೇ ಮಿರ್ಚಿ,

ಹೋದ ವಾರ ಫೋನಿನಲ್ಲಿ ನೀನು "ಹಂಪಿ ಹೆಂಗೈತಿ?" ಅಂದೆ. ನಾನು "ಸೀಸನ್ ಐತಿ ಬಿಡು" ಅಂದು ಇಟ್ಟುಬಿಟ್ಟೆ. ಆಮೇಲೆ ಹೊಳೆಯಿತು, ನೀನು ಕೇಳಿದ್ದು ಊರಿನ ಸಮಾಚಾರ, ನಾನು ಹೇಳಿದ್ದು ರೂಮು ತುಂಬಿರೋ ಸಮಾಚಾರ. ಅದಕ್ಕೇ ಈ ಪತ್ರ. ಎಲ್ಲರ ಮುಂದೆ ಯಾಕೆ ಹಾಕಿದೆ ಅಂತ ಬೈಯಬೇಡ. ವಾಟ್ಸಾಪಿನಲ್ಲಿ ಕಳಿಸಿದರೆ ನೀನು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀ. ಇಲ್ಲಾದರೆ ನಾಲ್ಕು ಮಂದಿ ಓದಿ ನಿನ್ನನ್ನು ಕೆದಕುತ್ತಾರೆ. ಬಾಳೆಗೊನೆಯ ಲಾರಿ ವಿಷಯ ಬರೆಯಲ್ಲ, ಹೆದರಬೇಡ.

ಮೊನ್ನೆ ಒಂದು ಸಭೆ ಇತ್ತು. ಆಟೋದವರು, ಗೈಡುಗಳು, ಹೋಂಸ್ಟೇಯವರು ಎಲ್ಲರೂ ಬರಬೇಕು ಅಂತ ಕರೆ. ಉಪ್ಪಿಟ್ಟು, ಕೇಸರಿಬಾತ್ ಇತ್ತು, ಎಲ್ಲರೂ ಬಂದರು. ಕೈಗೆ ಒಂದೊಂದು ಬಿಳಿ ಹಾಳೆ ಕೊಟ್ಟು, "ಇನ್ನು ಇಪ್ಪತ್ತು ವರ್ಷಕ್ಕೆ ಹಂಪಿ ಹೇಗಿರಬೇಕು, ಬರೆಯಿರಿ" ಅಂದರು. ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ. ಪಕ್ಕದವನ ಹಾಳೆ ಇಣುಕಿದರೆ ಅವನು ನನ್ನದನ್ನೇ ಇಣುಕುತ್ತಿದ್ದ. ಕೊನೆಗೆ ಬರೆದೆ: "ಸಾಣಾಪುರ ರಸ್ತೆಯಲ್ಲಿ ಪಾರ್ಕಿಂಗ್ ಬೇಕು." ಇಪ್ಪತ್ತು ವರ್ಷದ ಕನಸು ಕಣಪಾ ಅದು. ಪಾರ್ಕಿಂಗ್.

ಕಮಲಾಪುರದ ಕಡೆಯ ಒಬ್ಬ ಅಜ್ಜ ಮಾತ್ರ ಹಾಳೆ ಮುಟ್ಟಲಿಲ್ಲ. ಎದ್ದು ನಿಂತು, "ತುರ್ತಾ ಕಾಲುವಿ ಹೂಳು ತೆಗಿಸ್ರಿ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ನೀರು ಬರಬೇಕಲ್ರಿ" ಅಂದ. ಇದು ಟೂರಿಸಂ ಸಭೆ ಯಜಮಾನ್ರೇ ಅಂತ ಹಿಂದಿನಿಂದ ಯಾರೋ ನಕ್ಕರು. ನಾನೂ ನಕ್ಕೆ. ವಿಜಯನಗರದವರು ತೋಡಿದ ಕಾಲುವೆ, ಐನೂರು ವರ್ಷ ದಾಟಿದರೂ ಇವತ್ತಿಗೂ ಬಾಳೆ ತೋಟಕ್ಕೆ ನೀರು ಹರಿಯುತ್ತದೆ ಅಂತ ಬಂದ ಗೆಸ್ಟುಗಳಿಗೆಲ್ಲ ಎದೆಯುಬ್ಬಿಸಿ ಹೇಳುವವನೂ ನಾನೇ.

ರಾತ್ರಿ ನಿದ್ದೆ ಬರಲಿಲ್ಲ. ಕೇಸರಿಬಾತಿನ ಡಾಲ್ಡಾ ಇರಬೇಕು ಅಂದುಕೊಂಡೆ.

ನಮ್ಮ ಮೇಲಿನವರೂ ನನ್ನ ಹಾಗೇ ಅನ್ನು, ದೂರದ್ದು ಯೋಚಿಸಲ್ಲ. ಹಂಪಿ ಉತ್ಸವ ಅಂದರೆ ನವೆಂಬರ್ 3, 4, 5 ಅಂತ ನಮಗೆ ಬಾಯಿಪಾಠ ಇತ್ತಲ್ಲ? 2023ರಲ್ಲಿ ಜನವರಿ ಕೊನೆಗೆ ಆಯಿತು, 2024ರಲ್ಲಿ ಫೆಬ್ರವರಿ ಶುರುವಿಗೆ, 2025ರಲ್ಲಿ ಫೆಬ್ರವರಿ ಕೊನೆಗೆ. ಫ್ರಾನ್ಸಿನ ಒಬ್ಬ ಅಮ್ಮ ನಮ್ಮಲ್ಲಿಗೆ ಬರುತ್ತಿರುತ್ತಾರೆ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಗುತ್ತೆ ಅಂತ ಈಗಲೇ ಮೆಸೇಜು ಹಾಕಿದ್ದಾರೆ, ಮುಂದಿನ ಉತ್ಸವ ಯಾವ ತಾರೀಖು ಅಂತ. ಏನಂತ ಹೇಳಲಿ? ತಾರೀಖು ಗೊತ್ತಾಗೋದು ಪೆಂಡಾಲಿನ ಗಳ ಬಂದಾಗ ಅಂತಲೇ? ಸಾಹೇಬರು ಬರುತ್ತಾರೆ, ನಕ್ಷೆ ಬಿಡಿಸುತ್ತಾರೆ, ನಕ್ಷೆಗೆ ಬಣ್ಣ ಹಚ್ಚುವಷ್ಟರಲ್ಲಿ ವರ್ಗ. ಹೊಸಬರಿಗೆ ಹೊಸ ನಕ್ಷೆ.

ನೋಡು, ಅವರನ್ನು ಬೈಯುವಾಗ ನನ್ನ ಕೈ ಎಷ್ಟು ಚುರುಕಾಗಿ ಓಡುತ್ತದೆ.

ಯುನೆಸ್ಕೊ ಪಟ್ಟಿಗೆ ಹಂಪಿ ಸೇರಿದ್ದು 1986ರಲ್ಲಿ, ನಾವಿಬ್ಬರೂ ಚಡ್ಡಿ ಹಾಕದ ಕಾಲ. 1999ರಲ್ಲಿ ಸೇತುವೆ ಕಟ್ಟಲು ಹೋಗಿ 'ಅಪಾಯದಲ್ಲಿದೆ' ಅನ್ನುವ ಪಟ್ಟಿಗೂ ಸೇರಿತು. ಅದರಿಂದ ಹೊರಬಂದದ್ದು 2006ರಲ್ಲಿ. 2009ರ ಜನವರಿಯಲ್ಲಿ ಆನೆಗೊಂದಿ ಸೇತುವೆ ಅರ್ಧ ಕಟ್ಟಿದ್ದೇ ಕುಸಿದು ಕೂಲಿಯವರ ಜೀವ ತೆಗೆಯಿತು. ಇಡೀ ಪ್ರದೇಶವನ್ನು ನೋಡಿಕೊಳ್ಳಲಿಕ್ಕೆ ಪ್ರಾಧಿಕಾರದ ಕಾಯ್ದೆ ಆದದ್ದು 2002ರಲ್ಲಿ. ಅದೇ ಕಾಲಕ್ಕೆ ತುಂಗಭದ್ರೆಯ ಈಚೆ ದಂಡೆಯಲ್ಲಿ, ನಮ್ಮ ವಿರೂಪಾಪುರಗಡ್ಡೆಯಲ್ಲಿ, ಭತ್ತದ ಗದ್ದೆಗೆ ಮಣ್ಣು ಹೊಡೆಸಿ ನಾವು ಗುಡಿಸಲು ಏರಿಸುತ್ತಿದ್ದೆವು. ಎಲ್ಲರ ಕಣ್ಣೆದುರಿಗೇ. ಕರೆಂಟು ಬಿಲ್ಲು ತಿಂಗಳು ತಿಂಗಳು ಬರುತ್ತಿತ್ತು. ಬಿಲ್ಲು ಬರುತ್ತದೆ ಅಂದರೆ ಎಲ್ಲ ಸರಿ ಇದೆ ಅಂತಲೇ ನಮ್ಮಪ್ಪನ ಲೆಕ್ಕ.

ಈಗ ಬರೆಯಬಾರದೆಂದಿದ್ದ ಮಾತು. ಬರೆದೇ ಬಿಡುತ್ತೇನೆ.

2011ರ ಜುಲೈ 29, ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಅಂಗಡಿ-ಮನೆಗಳನ್ನು ಸರ್ಕಾರದವರು ಒಡೆಸಿದ ದಿನ. ಜೆಸಿಬಿ ಹಲ್ಲು ನಿಮ್ಮ ಅಂಗಡಿ ಗೋಡೆಗೆ ಇಳಿಯುವ ಹೊತ್ತಿಗೆ ನಾನೂ ನೀನೂ ಗ್ಯಾಸ್ ಸಿಲಿಂಡರ್ ಹೊತ್ತು ಓಡುತ್ತಿದ್ದೆವು. ನಿಮ್ಮವ್ವ ಬೇರೆ ಏನೂ ಮುಟ್ಟಲಿಲ್ಲ, ರೊಟ್ಟಿ ಹಂಚು ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಸಾಯಂಕಾಲ ನಾನು ಹೊರಟಾಗ ಬೆನ್ನಿಗೆ ಬ್ಯಾಗು ಹಾಕಿದ ಇಬ್ಬರು ಫಾರಿನರು ತಡೆದು, ನಿಮ್ಮ ಕಡೆ ರೂಮು ಇದೆಯೇ ಅಂದರು. ಇದೆ ಅಂದೆ. ಎಷ್ಟು ಅಂದರು. ನನ್ನ ಬಾಯಿಂದ ಹಿಂದಿನ ದಿನದ ರೇಟು ಬರಲಿಲ್ಲ ಕಣೋ, ಅದರ ಎರಡರಷ್ಟು ಬಂತು. ಮೈಯೆಲ್ಲ ನಿಮ್ಮ ಗೋಡೆಯ ಧೂಳು ಇತ್ತು. ಆ ಡಿಸೆಂಬರಿನಷ್ಟು ದುಡ್ಡು ನಾನು ಅದಕ್ಕೆ ಮುಂಚೆ ಎಂದೂ ಕಂಡಿರಲಿಲ್ಲ. ಪಲ್ಸರ್ ಬಂದದ್ದು ಅದರಲ್ಲೇ. ನೀನು ಬೆಂಗಳೂರಿಗೆ ಹೊರಟ ದಿನ ಹೊಸಪೇಟೆ ಸ್ಟೇಷನ್ನಿಗೆ ಅದೇ ಗಾಡಿಯಲ್ಲಿ ಬಿಟ್ಟೆ. "ಗಾಡಿ ಮಸ್ತ್ ಐತಿ" ಅಂದೆ ನೀನು. ದಾರಿ ಪೂರ್ತಿ ನಾನು ಮಾತಾಡಲಿಲ್ಲ. ನೀನು ಹೋಗುವುದಕ್ಕೆ ಬೇಜಾರು ಅಂದುಕೊಂಡಿರಬೇಕು.

ನಮ್ಮ ಸರದಿ 2020ಕ್ಕೆ ಬಂತು. ಗಡ್ಡೆಯ ಕಟ್ಟಡ ಕೆಡವಬೇಕು ಅಂತ ಸುಪ್ರೀಂ ಕೋರ್ಟು ಫೆಬ್ರವರಿಯಲ್ಲಿ ಹೇಳಿತು, ಮಾರ್ಚ್ 3ಕ್ಕೆ ಜೆಸಿಬಿ. ಕೋರ್ಟು ಹೇಳಿದ್ದು ತಪ್ಪಲ್ಲ, ಗದ್ದೆ ಗದ್ದೆಯಾಗಿ ಉಳಿದಿರಲಿಲ್ಲ. ಮೂರು ವಾರಕ್ಕೆ ಲಾಕ್‌ಡೌನ್. ಸ್ವಲ್ಪ ತಡೆದಿದ್ದರೆ ಕೊರೊನಾನೇ ಮುಚ್ಚಿಸುತ್ತಿತ್ತು, ಡೀಸೆಲ್ಲಾದರೂ ಉಳಿಯುತ್ತಿತ್ತು ಅಂತ ನಾವು ಜೋಕು ಮಾಡುತ್ತಿದ್ದೆವು. ಆಮೇಲೆ ಜಾಗ ಹುಡುಕಿಕೊಂಡು ಸಾಣಾಪುರದ ಕಡೆ ಹೋದೆ. ಹೊಲದ ಮಾಲೀಕ ತುಂಬ ಮರುಕಪಟ್ಟ, ಚಹಾ ಕುಡಿಸಿದ, ಹಾಗೇ ಲೀಸಿಗೆ ಎರಡರಷ್ಟು ಹೇಳಿದ. ಆ ಮುಖದ ಗುರುತು ನನಗಿತ್ತು. ಚೌಕಾಸಿ ಮಾಡದೆ ಒಪ್ಪಿಕೊಂಡೆ.

ಅಲ್ಲಿ ಈಗ ಆರು ರೂಮು ಇವೆ. ಗದ್ದೆಯಲ್ಲೇ. ಕಾಗದಪತ್ರ ಕೇಳಬೇಡ. ಅವೂ ಒಂದು ದಿನ ಹೋಗುತ್ತವೆ ಅಂತ ಕಟ್ಟುವಾಗಲೇ ಗೊತ್ತಿತ್ತು. ಅದಕ್ಕೇ ಗೋಡೆಗೆ ಒಳ್ಳೆ ಸಿಮೆಂಟು ಹಾಕಿಸಲಿಲ್ಲ. ನನ್ನ ದೂರದೃಷ್ಟಿ ಅಂದರೆ ಅದೊಂದೇ ನೋಡು. ಮಗ ಎಸ್ಸೆಸ್ಸೆಲ್ಸಿ ಮುಗಿಸಿ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ ಅಂದಾಗ ಕಪಾಳಕ್ಕೆ ಎರಡು ಬಿಟ್ಟೆ. ಯಾಕೆ ಅಂತ ಅವನಿಗೂ ಹೇಳಲಿಲ್ಲ.

(ಇದನ್ನು ಓದುತ್ತಿರುವ ಸಾಹೇಬರ ಗಮನಕ್ಕೆ: ಆ ಆರೂ ದನದ ಕೊಟ್ಟಿಗೆ. ದನಗಳಿಗೆ ವೈಫೈ ಬೇಕಾಗುತ್ತದೆ, ಕಾಲ ಹಾಗಿದೆ.)

ಸಾಕು. ಇಷ್ಟು ಓದಿ ನೀನು ಫೋನ್ ಮಾಡಿ ಬೈದರೆ ಬೈಸಿಕೊಳ್ಳುತ್ತೇನೆ, ಅಳುವ ದನಿ ಮಾಡಿದರೆ ಮಾತ್ರ ಇಟ್ಟುಬಿಡುತ್ತೇನೆ. ದೀಪಾವಳಿಗೆ ಬಾ. ಮೂರನೇ ಕೊಟ್ಟಿಗೆ ನಿನಗೆ, ಬಾಡಿಗೆ ಬೇಡ, ಹಿಂದಿನ ದಿನದ ರೇಟೂ ಬೇಡ. ನಿಮ್ಮವ್ವನ್ನೂ ಕರಕೊಂಡು ಬಾ, ಹಂಚು ತರಲಿಕ್ಕೆ ಹೇಳು.

ಅದಕ್ಕೂ ಮುಂಚೆ, ನಿನ್ನ ಆಫೀಸಿನ ಇಂಗ್ಲಿಷಿನಲ್ಲಿ ಆ ಫ್ರಾನ್ಸಿನ ಅಮ್ಮನಿಗೆ ಎರಡು ಸಾಲು ಬರೆದುಕೊಡು. ಉತ್ಸವ ಆಗುವುದು ಖರೆ, ಯಾವಾಗ ಅಂತ ಮಾತ್ರ ಕೇಳಬೇಡಿ ಅಂತ. ಮರ್ಯಾದೆಯಾಗಿ ಬರಿ ಮತ್ತೆ, ಅವರು ಮೂರನೇ ಕೊಟ್ಟಿಗೆಗೆ ಅಡ್ವಾನ್ಸ್ ಕಳಿಸಿದ್ದಾರೆ.

ನಿನ್ನ,
ಎರಡನೇ ಮಿರ್ಚಿಯ ಸಾಲಗಾರ