ಕೇಸ್ ಮುಗಿಯಿತು, ನಿಮಗೆಲ್ಲ ಥ್ಯಾಂಕ್ಸ್

ನಿನ್ನೆ ಮಧ್ಯಾಹ್ನ ದಾವಣಗೆರೆ ಕೋರ್ಟಿನಲ್ಲಿ ನನ್ನ ಮೇಲಿದ್ದ ಮಾನನಷ್ಟದ ಕೇಸ್ ವಜಾ ಆಯಿತು. ಮೂರು ವರ್ಷ, ವಾಯಿದೆ ಮೇಲೆ ವಾಯಿದೆ. ಹೊರಗೆ ಬಂದವನೇ ಅಮ್ಮನಿಗೆ ಫೋನ್ ಮಾಡಿದೆ. ಅವಳು ಏನೂ ಮಾತಾಡಲಿಲ್ಲ, ಸುಮ್ನೆ ಅತ್ತಳು.

ಪೇಪರ್, ಟಿವಿಯವರ ಬಗ್ಗೆಯೇ ಸುದ್ದಿ ಬರೆಯುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಆಯಿತು. ನಮ್ಮವರ ಮೇಲೆ ನಾವೇ ಬರೆಯೋದಾ ಅಂತ ಕೇಳಿದವರು ಜಾಸ್ತಿ. ಆದರೆ ದುಡ್ಡು ಕೊಟ್ಟು ಹಾಕಿಸಿದ್ದನ್ನು ಸುದ್ದಿ ಅಂತ ನಂಬಿ ಜನ ಓಟು ಹಾಕುತ್ತಾರೆ, ಅದನ್ನು ಯಾರಾದರೂ ಹೇಳಬೇಕಲ್ವಾ? 2009ರ ಮಹಾರಾಷ್ಟ್ರ ಚುನಾವಣೆಯಲ್ಲಿ ಒಬ್ಬರನ್ನೇ ಹೊಗಳುವ ಒಂದೇ ಬರಹ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದಿದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆ ತಂದರು. ಇಂಥ ದುಡ್ಡಿನ ಸುದ್ದಿ, ಅಂದರೆ ಪೇಯ್ಡ್ ನ್ಯೂಸ್ ಬಗ್ಗೆ 2010ರಲ್ಲಿ, ಪತ್ರಿಕೆಗಳ ನಡತೆ ನೋಡುವ ಪ್ರೆಸ್ ಕೌನ್ಸಿಲ್‌ನ ಉಪಸಮಿತಿ ಬರೆದ ವರದಿ ಪೂರ್ತಿಯಾಗಿ ಹೊರಬರೋಕೆ 2011 ಆಗಬೇಕಾಯಿತು. ಪೇಪರ್ ಪಕ್ಕ ಪೇಪರ್ ಇಟ್ಟು ಓದೋದನ್ನು ನಾನು ಕಲಿತದ್ದು ಇವರಿಂದಲೇ.

ನಮ್ಮೂರಲ್ಲಿ ಅದಕ್ಕೆ ಕೈಜೋಡಿಸಿದ್ದು ಒಬ್ಬ ಪೇಪರ್ ಏಜೆಂಟ್ ಅಣ್ಣ. ಬೆಳಗಿನ ಜಾವ ನಾಲ್ಕೂವರೆ, ಬೀದಿ ದೀಪದ ಕೆಳಗೆ ಹುಡುಗರು ಸಪ್ಲಿಮೆಂಟ್ ಸೇರಿಸುತ್ತಿದ್ದರು. ಅಣ್ಣ ಹಳೇ ಬಂಡಲ್ಲಿನ ಸುತಲಿ ಬಿಚ್ಚಿ, ಎರಡು ಪೇಪರ್ ಎಳೆದು ಸ್ಕೂಟರ್ ಸೀಟಿನ ಮೇಲೆ ಹಾಸಿ, ಮಸಿ ಹತ್ತಿದ ಬೆರಳನ್ನು ಒಂದು ಸಾಲಿನ ಮೇಲೆ ಇಟ್ಟರು. ‘ಅಭಿವೃದ್ಧಿಯ ಹರಿಕಾರ’ ಅಂತ ಇರಬೇಕಾದ ಕಡೆ ಎರಡರಲ್ಲೂ ‘ಹರಿಕರ’. ಕೆಳಗೆ ವರದಿಗಾರರ ಹೆಸರು ಮಾತ್ರ ಬೇರೆ ಬೇರೆ. "ನೋಡ್ರಿ ಸರ್, ಇಬ್ರೂ ಒಂದೇ ಕಲ್ಲಿಗೆ ಎಡವ್ಯಾರೆ" ಅಂದರು. ಕೇಸಿಗೆ ಕಾರಣವಾದ ನನ್ನ ಇಡೀ ವರದಿ ನಿಂತಿದ್ದೇ ಬಿಟ್ಟುಹೋದ ಆ ಒಂದು ದೀರ್ಘದ ಮೇಲೆ.

ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯ ಬಿಡಿ ಸುದ್ದಿಗಾರರೇ, ನಿಮ್ಮ ಋಣ ದೊಡ್ಡದು. ತಿಂಗಳ ಸಂಬಳ ಇಲ್ಲ, ಸುದ್ದಿ ಕಳಿಸೋದರ ಜೊತೆ ಜಾಹೀರಾತೂ ತರಬೇಕು, ಆದರೂ ಮೇಲಿನಿಂದ ಬಂದ ಮೆಸೇಜುಗಳನ್ನು ನನಗೆ ತೋರಿಸಿದಿರಿ. ನಿಮ್ಮಲ್ಲೊಬ್ಬರು ಅದಕ್ಕಾಗಿ ಐಡಿ ಕಾರ್ಡ್ ಕಳೆದುಕೊಂಡರು. ಅವರಿಗೆ ಬೇರೆ ಕಡೆ ಕೆಲಸ ಸಿಗುವ ತನಕ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ವಕೀಲರಾದ ಅಕ್ಕ ಮೂರು ವರ್ಷದಲ್ಲಿ ಒಂದು ರೂಪಾಯಿ ಫೀಸ್ ಕೇಳಲಿಲ್ಲ. ವಾಯಿದೆ ದಿನ ನನ್ನ ಡೆಸ್ಕಿನ ಕೆಲಸವನ್ನು ಗೆಳೆಯರು ಹಂಚಿಕೊಂಡು ಮಾಡಿದರು. ನಿಮಗೆಲ್ಲ ಕೈಮುಗಿದು ಥ್ಯಾಂಕ್ಸ್.

ಏಜೆಂಟ್ ಅಣ್ಣಾ, ಆ ಎರಡು ಪೇಪರ್ ಇನ್ನೂ ಕೋರ್ಟಿನ ಫೈಲಿನಲ್ಲಿವೆ. ವಾಪಸ್ ಸಿಕ್ಕ ದಿನ ನಾನೇ ತಂದು ನಿಮ್ಮ ಬಂಡಲ್ಲಿಗೆ ಸೇರಿಸುತ್ತೇನೆ.