ಪ್ರದರ್ಶನ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಚಿತ್ರಕಲಾ ಪರಿಷತ್ತಿನಿಂದ ಕೊನೆಯ ಪೆಟ್ಟಿಗೆ ನಿನ್ನೆ ಮನೆಗೆ ಬಂತು. ನಾನು ಮಣ್ಣಿನಲ್ಲಿ ಮಾಡಿ ಸುಟ್ಟ ಹಂಪಿಯ ಬಂಡೆಗಳು, ತುಂಗಭದ್ರೆ, ನದಿ ದಂಡೆಯ ಜನ, ಎಲ್ಲರೂ ಕ್ಷೇಮ. ಹರಿಗೋಲಿನ ಅಂಬಿಗನ ಹುಟ್ಟು ಮಾತ್ರ ಮುರಿದಿದೆ, ಅಂಟಿಸಿದರೆ ಆಯ್ತು. ಇದು ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ. ಏಕವ್ಯಕ್ತಿ ಅಂತ ಬೋರ್ಡಿನಲ್ಲಿ ಬರೆದದ್ದು ಅಷ್ಟೇ, ಸೆರಾಮಿಕ್ ಕೆಲಸ ಒಬ್ಬರ ಕೈಲಿ ಆಗೋದಲ್ಲ.

ಮೊದಲು ಅತ್ತಿಗೆಗೆ. ಮಳೆಗಾಲದಲ್ಲಿ ನಾನು ಡೆಂಗಿ ಬಂದು ಮಲಗಿದಾಗ ಹಸಿ ಮೂರ್ತಿಗಳೆಲ್ಲ ಅಟ್ಟದ ಮೇಲಿದ್ದವು. ಮೂರ್ತಿಯ ಕೈ, ಕಿವಿ, ಮೂಗು ಬೇಗ ಒಣಗುತ್ತವೆ, ಸೊಂಟದ ಹತ್ತಿರ ಮಣ್ಣು ಇನ್ನೂ ಹಸಿಯಾಗೇ ಇರುತ್ತೆ, ಹಾಗಾದರೆ ಕುತ್ತಿಗೆಯಲ್ಲಿ ಬಿರುಕು ಗ್ಯಾರಂಟಿ. ಅವರು ಒಬ್ಬೊಬ್ಬರ ಕೈಗೂ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಬೆಳಿಗ್ಗೆ ಸಂಜೆ ತೆಗೆದು ನೋಡಿ, ಮತ್ತೆ ಹೊದಿಸಿ, ಮನೆಯಲ್ಲಿ ನನ್ನನ್ನೂ ಸೇರಿಸಿ ಒಂದು ಆಸ್ಪತ್ರೆಯನ್ನೇ ನಡೆಸಿದರು. ಯಾವ ಕುತ್ತಿಗೆಯೂ ಬಿರುಕು ಬಿಡಲಿಲ್ಲ.

ಆಮೇಲೆ ಮೂರ್ತಿ ಸುಡುವ ಗೂಡಿನ ಹತ್ತಿರ ರಾತ್ರಿಯೆಲ್ಲ ಕೂತ ಗೆಳೆಯನಿಗೆ. ಸ್ಟೋನ್‌ವೇರ್ ಅಂದರೆ ಕಲ್ಲಿನಂತೆ ಗಟ್ಟಿಯಾಗೋ ಮಣ್ಣು, ಅದು ಬೇಯಬೇಕಾದರೆ ಶಾಖ 1240 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಬೇಕು. ನದಿಗೆ ಹಚ್ಚಿದ್ದು ಕಟ್ಟಿಗೆ ಬೂದಿಯ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಅದು ಕರಗಿ ಹರಿಯೋದೂ ಆ ಶಾಖದಲ್ಲೇ. ಬಂಡೆಗಳಿಗೆ ಗ್ಲೇಜ್ ಇಲ್ಲ, ಸುಮ್ನೆ ತುಕ್ಕಿನ ಬಣ್ಣದ ಐರನ್ ಆಕ್ಸೈಡ್ ಸ್ಪಂಜಿನಲ್ಲಿ ಒತ್ತಿ ಒರೆಸಿದ್ದು. ಶಾಖ ಏರಿಸೋದಕ್ಕಿಂತ ಇಳಿಸೋದು ಕಷ್ಟ. 573 ಡಿಗ್ರಿ ಆಸುಪಾಸಿನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ (ಬೆಣಚುಕಲ್ಲಿನ ಕಣ) ಒಮ್ಮೆಲೇ ಕುಗ್ಗುತ್ತೆ, ಆಗ ತಣ್ಣನೆ ಗಾಳಿ ತಗುಲಿದರೆ ಟಣ್ ಅಂತ ಒಡೆಯುತ್ತೆ. ಗೂಡು ಬೇಗ ತೆಗೆಯೋ ನನ್ನ ಅವಸರ ಗೊತ್ತಿದ್ದ ಈ ಪುಣ್ಯಾತ್ಮ ಶೆಡ್ಡಿನ ಬೀಗದ ಕೈ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿಬಿಟ್ಟ. ಎರಡು ದಿನ ಬೈದೆ. ಈಗ ಥ್ಯಾಂಕ್ಸ್ ಕಣೋ.

ನನಗೆ ಮಣ್ಣು ಹದ ಮಾಡೋದು ಕಲಿಸಿದವರು ಖಾನಾಪುರದ ಕುಂಬಾರ ಅಜ್ಜ. ಬೆಳಗಾವಿ ಜಿಲ್ಲೆಯ ಆ ಊರಿನ ಮಣ್ಣಿಗೆ ಮೊದಲಿಂದಲೂ ಹೆಸರಿದೆ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರೋದೂ ಅಲ್ಲೇ. ದೊಡ್ಡ ಕೆಲಸಕ್ಕೆ ಒಡೆದ ಮಡಕೆಯ ಪುಡಿ ಸೇರಿಸಬೇಕು, ಆಗ ಮಣ್ಣು ಜಾಸ್ತಿ ಕುಗ್ಗಲ್ಲ ಅಂತ ತೋರಿಸಿಕೊಟ್ಟವರು ಅವರೇ. ಈ ವಯಸ್ಸಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರು. ಲೈಟಿಂಗು, ಹೆಸರಿನ ಚೀಟಿ ಯಾವುದನ್ನೂ ನೋಡಲಿಲ್ಲ. ಸೀದಾ ದೊಡ್ಡ ಬಂಡೆಯ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಕೊಟ್ಟು ಕೇಳಿ, "ಛಲೋ ಬೆಂದೈತಿ" ಅಂದರು. ನಾನು ಉಬ್ಬಿಹೋದೆ. ಆಮೇಲೆ ಸುತ್ತ ಒಂದು ಕಣ್ಣು ಹಾಯಿಸಿ, "ಇದರಾಗ ಏನ್ ಹಾಕಾಕ ಬರ್ತೈತಿ?" ಅಂತ ಕೇಳಿದರು. ಏನೂ ಇಲ್ಲ ಅಜ್ಜ ಅಂದೆ. ನಕ್ಕು ಸುಮ್ಮನಾದರು.

ಬಂದು ನೋಡಿದವರಿಗೆಲ್ಲ ನಮಸ್ಕಾರ. ಮನುಷ್ಯರಿಗೆ ಕಣ್ಣು ಬಾಯಿ ಯಾಕಿಲ್ಲ ಅಂತ ತುಂಬಾ ಜನ ಕೇಳಿದಿರಿ. ಹಂಪಿಯ ಮತಂಗ ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿ, ಜನ ಹಾಗೇ ಕಾಣ್ತಾರೆ ಅಲ್ವಾ? ಹೊಸಪೇಟೆಯ ಅಕ್ಕ ಒಬ್ಬರು, "ನಮ್ಮ ಕಡೆ ಬಂಡೆ ಇಷ್ಟು ಕೆಂಪಿರಲ್ಲ ಬಿಡ್ರಿ, ಸಂಜಿ ಹೊತ್ತಾದ್ರ ಸರಿ" ಅಂದರು. ಅವತ್ತೇ ಆ ಕೆಲಸದ ಚೀಟಿ ಬದಲಿಸಿ 'ಸಂಜೆ' ಅಂತ ಬರೆದೆ. ಬಂದ ವಿಮರ್ಶೆಯಲ್ಲೆಲ್ಲ ಇದೇ ಬೆಸ್ಟ್.

ಭತ್ತದ ಹುಲ್ಲಿನಲ್ಲಿ ಪ್ಯಾಕ್ ಮಾಡಿದ ಹುಡುಗರಿಗೆ, ಕೆಂಗೇರಿ ಟ್ರಾಫಿಕ್ಕಿನಲ್ಲೂ ಬ್ರೇಕ್ ನಿಧಾನವಾಗಿ ಒತ್ತಿದ ಟೆಂಪೋ ಡ್ರೈವರಣ್ಣನಿಗೆ, ಗ್ಯಾಲರಿಯಲ್ಲಿ ದಿನಾ ಧೂಳು ಒರೆಸಿದ ಅಮ್ಮನಿಗೆ ದೊಡ್ಡ ಥ್ಯಾಂಕ್ಸ್.

ಕೊಂಡವರಿಗೆಲ್ಲ ಈ ತಿಂಗಳೊಳಗೆ ತಲುಪಿಸುತ್ತೇನೆ. ಮೂರ್ತಿಯ ಬೆನ್ನ ಹಿಂದೆ ಒಂದು ಸಣ್ಣ ತೂತು ಇರುತ್ತೆ. ಒಳಗೆ ಟೊಳ್ಳು, ಸುಡುವಾಗ ಗಾಳಿ, ಹಬೆ ಹೊರಗೆ ಹೋಗಲಿ ಅಂತ ನಾನೇ ಬಿಟ್ಟಿದ್ದು. ದಯವಿಟ್ಟು ಡ್ಯಾಮೇಜ್ ಅಂತ ಫೋನ್ ಮಾಡಬೇಡಿ.