ಪಾಪದ ಪ್ರಶ್ನೆ ಬೇಡ, ಹಕ್ಕಿನ ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಸಲಿಂಗ ಸಂಬಂಧ ಪಾಪವೇ ಎಂದು ಕ್ರೈಸ್ತ ರಾಜಕಾರಣಿಗಳನ್ನು ಸುಮ್ನೆ ಕೆಣಕುವುದು ನನಗೆ ಸರಿ ಕಾಣುವುದಿಲ್ಲ. ಬ್ರಿಟನ್ನಿನ ಲಿಬರಲ್ ಡೆಮಾಕ್ರಾಟ್ ಪಕ್ಷದ ಟಿಮ್ ಫ್ಯಾರನ್ ಇಂಥ ಪ್ರಶ್ನೆಗಳ ನಡುವೆಯೇ 2017ರಲ್ಲಿ ಪಕ್ಷದ ನಾಯಕತ್ವ ಬಿಟ್ಟರು. ಸ್ಕಾಟಿಷ್ ನ್ಯಾಷನಲ್ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದ ಕೇಟ್ ಫೋರ್ಬ್ಸ್ 2023ರಲ್ಲಿ ಇನ್ನೂ ನೇರವಾಗಿ ಮಾತಾಡಿದರು. ಸ್ಕಾಟ್ಲೆಂಡಿನ ಸಂಸತ್ತು ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟ 2014ರಲ್ಲಿ ಶಾಸಕಿಯಾಗಿದ್ದರೆ ಅದರ ವಿರುದ್ಧ ಮತ ಹಾಕುತ್ತಿದ್ದೆ, ಆದರೆ ಈಗಿರುವ ಹಕ್ಕನ್ನು ಕಾಪಾಡುತ್ತೇನೆ ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಆದರೆ ಆ ನಿಲುವನ್ನು ಒಪ್ಪಲಾರೆ. ಇಂಗ್ಲೆಂಡಿನ 2013ರ ಸಲಿಂಗ ವಿವಾಹ ಕಾಯ್ದೆಯಡಿ ಇಂಥ ಮದುವೆ ಮಾಡಿಸಲೇಬೇಕೆಂದು ಯಾವ ಪಾದ್ರಿಯನ್ನೂ ಬಲವಂತ ಮಾಡುವಂತಿಲ್ಲ. ಚರ್ಚಿಗೆ ರಕ್ಷಣೆ ಸಿಕ್ಕಿತು ಅಲ್ವಾ? ಹಾಗಿದ್ದ ಮೇಲೆ ಸರ್ಕಾರಿ ನೋಂದಣಿಗೆ ಅಡ್ಡ ನಿಲ್ಲುವುದೇಕೆ? ಗೆದ್ದ ಮೇಲೆ ಈ ದಂಪತಿಗಳ ಹಕ್ಕು ಉಳಿಸುತ್ತೀರಾ ಎಂದು ಅಭ್ಯರ್ಥಿಗಳನ್ನು ಕೇಳೋಣ.

– ಓದುಗಿ